ಐದು ಸ್ಕ್ರೀನಿಗೆ ಒಂದೇ ಡೇಟಾ ಸರ್ವರ್: ನಮ್ಮ ರೈಸ್ ಮಿಲ್ಲಲ್ಲಿ ಕೆಪ್‌ಸರ್ವರ್‌ಇಎಕ್ಸ್ ಹೆಂಗೈತೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಸಾಫ್ಟ್‌ವೇರ್ ಓದಿದವ್ನಲ್ಲ. ದಾವಣಗೆರೆ ಹರಿಹರ ನಡುವೆ ಒಂದು ರೈಸ್ ಮಿಲ್ಲಲ್ಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡ್ಕೋತೀನಿ, ಮೋಟ್ರು ಸುಟ್ರೂ ನಾನೇ, ಸ್ಕ್ರೀನ್ ಬ್ಲಾಂಕ್ ಆದ್ರೂ ನಾನೇ, ಓನರ್ ಮನೆ ಇನ್ವರ್ಟರ್ ಕೈ ಕೊಟ್ರೂ ನಾನೇ. ಈ ಕೆಪ್‌ಸರ್ವರ್‌ಇಎಕ್ಸ್ ಅನ್ನೋ ಡೇಟಾ ಸರ್ವರ್ (ಮಿಷಿನ್ ನಂಬರೆಲ್ಲಾ ಒಂದೇ ಕಡೆ ಕೂಡಿಸಿ ಸ್ಕ್ರೀನುಗಳಿಗೆ ಹಂಚೋ ಸಾಫ್ಟ್‌ವೇರ್) ಹಾಕಿಸ್ದಾಗಿಂದ ಅಕ್ಕಪಕ್ಕದ ಮಿಲ್ಲಿನೋರು ಬಂದು "ಅದೇನ್ ಹಾಕಿದಿಯಂತಲ್ಲೋ, ಹೆಂಗೈತೆ, ನಾವೂ ಹಾಕ್ಸಾಣಾ" ಅಂತ ಕೇಳ್ತಾರೆ. ಎಲ್ರಿಗೂ ಒಂದೊಂದ್ ಸಲ ಹೇಳಿ ಹೇಳಿ ಬಾಯಿ ಒಣಗೋಯ್ತು, ಅದಕ್ಕೇ ಒಂದೇ ಸಲ ಬರ್ದು ಹಾಕ್ತಿದೀನಿ.

ನಮ್ಮಲ್ಲಿ ಇರೋದು ಇಷ್ಟು. ಹೊಟ್ಟು ಉರಿಸೋ ಬಾಯ್ಲರ್ ಒಂದು, ಭತ್ತ ನೆನೆಸಿ ಸ್ಟೀಮ್ ಕೊಡೋ ಟ್ಯಾಂಕುಗಳು, ಡ್ರೈಯರ್, ಆಮೇಲೆ ಮಿಲ್ಲಿಂಗ್ ಸೆಕ್ಷನ್. ನಾಲ್ಕೂ ಕಡೆ ಆಪರೇಟರಿಗೆ ಒಂದೊಂದು ಸ್ಕ್ರೀನು, ಐದನೇದು ಆಫೀಸಲ್ಲಿ ಓನರ್ ಮುಂದೆ. ಪಿಎಲ್‌ಸಿ, ಅಂದ್ರೆ ಮಿಷಿನ್ ಓಡಿಸೋ ಸಣ್ಣ ಕಂಪ್ಯೂಟ್ರು, ಮೂರು. ಇದ್ರ ಜೊತೆಗೆ ಕರೆಂಟ್ ಲೆಕ್ಕ ಹಿಡಿಯೋಕೆ 12 ಎನರ್ಜಿ ಮೀಟ್ರು, ಎಲ್ಲಾ ಆರ್‌ಎಸ್-485 ಅನ್ನೋ ಒಂದೇ ಡೇಟಾ ವೈರಲ್ಲಿ ಸಾಲಾಗಿ ಕಟ್ಟಿರೋದು.

ಮೊದ್ಲು ಏನಿತ್ತು ಅಂದ್ರೆ ಐದೂ ಸ್ಕ್ರೀನು ತಾನ್ ತಾನೇ ಹೋಗಿ ಪಿಎಲ್‌ಸಿನ ಕೇಳೋದು. ಪಾಪ ಪಿಎಲ್‌ಸಿ ಕೆಲ್ಸ ಇರೋದು ಬರ್ನರ್ ಬ್ಲೋವರ್ ಕನ್ವೇಯರ್ ನೋಡ್ಕೊಳೋದು, ಅದು ಬಿಟ್ಟು ಐದು ಜನಕ್ಕೂ ಟೆಂಪರೇಚರ್ ಎಷ್ಟು ಟೆಂಪರೇಚರ್ ಎಷ್ಟು ಅಂತ ಉತ್ರ ಕೊಡ್ತಾ ಕೂರ್ಬೇಕು. ಯಾವ ಪಿಎಲ್‌ಸಿ ಆದ್ರೂ ಒಂದೇ ಸಲಕ್ಕೆ ಇಷ್ಟೇ ಕನೆಕ್ಷನ್ ಅಂತ ಮಿತಿ ಇರ್ತೈತೆ, ನಾನು ಪ್ರೋಗ್ರಾಮ್ ನೋಡೋಣ ಅಂತ ಲ್ಯಾಪ್‌ಟಾಪ್ ಚುಚ್ಚಿದ್ರೆ ಸಾಕು, ಯಾವ್ದೋ ಒಂದು ಸ್ಕ್ರೀನ್ ಉದುರೋದು, ಅಲ್ಲಿಂದ ಫೋನ್ ಬರೋದು. ಇದ್ನಾದ್ರೂ ತಡ್ಕೋಬೋದು. ತಡ್ಕೊಳ್ಳೋಕಾಗ್ದೇ ಇದ್ದಿದ್ದು ನಂಬರ್ ಜಗಳ. ಡ್ರೈಯರ್ ಹತ್ರ ಸ್ಕ್ರೀನಲ್ಲಿ 58 ಡಿಗ್ರಿ, ಅದೇ ಹೊತ್ತಿಗೆ ಆಫೀಸ್ ಸ್ಕ್ರೀನಲ್ಲಿ 62. ಎತ್ತು ಏರಿಗೆ ಕೋಣ ನೀರಿಗೆ. ಓನರ್ ಫೋನ್ ಮಾಡಿ ಡ್ರೈಯರ್ ಆಪರೇಟರಿಗೆ ಬೈಯೋದು, ಅವ್ನು ನನ್ನ ಸ್ಕ್ರೀನಲ್ಲಿ ಸರಿಯಾಗೈತೆ ಬಂದು ನೋಡಿ ಅನ್ನೋದು, ಇಬ್ರೂ ಸೇರಿ ನನ್ನ ಕರೆಯೋದು. ನೋಡಿದ್ರೆ ಇಬ್ರದ್ದೂ ಸರೀನೇ. ಒಂದು ಸ್ಕ್ರೀನು ಸೆಕೆಂಡಿಗೊಂದ್ ಸಲ ಓದ್ತಿತ್ತು, ಇನ್ನೊಂದು 10 ಸೆಕೆಂಡಿಗೊಂದ್ ಸಲ, ಅದ್ರ ಮೇಲೆ ಸ್ಕೇಲಿಂಗ್ (ಸೆನ್ಸರ್ ಕೊಟ್ಟ ಅಂಕಿನ ಡಿಗ್ರಿಗೆ ತಿರುಗಿಸೋ ಲೆಕ್ಕ) ಬೇರೆ ಎರಡ್ರಲ್ಲೂ ಬೇರೆ ಬೇರೆ ಕೂರಿಸಿದ್ರು ಹಿಂದಿನೋರು.

ಡೇಟಾ ಸರ್ವರ್ ಅಂದ್ರೆ ಇಷ್ಟೇ ಕಣ್ರಪ್ಪ, ಏನೂ ಮಾಯ ಇಲ್ಲ. ಒಂದು ಪಿಸಿ ಮಾತ್ರ ಪಿಎಲ್‌ಸಿ ಹತ್ರ ಮೀಟರ್ ಹತ್ರ ಹೋಗಿ ಕೇಳ್ಕೊಂಡ್ ಬರ್ತೈತೆ, ಬಂದಿದ್ದನ್ನ ಇಟ್ಕೊಂಡಿರ್ತೈತೆ, ಐದೂ ಸ್ಕ್ರೀನು ನೆಟ್‌ವರ್ಕಲ್ಲಿ ಅದನ್ನ ಕೇಳ್ತವೆ. ಐದೂ ಜನಕ್ಕೆ ಅದೇ ಟೆಂಪರೇಚರ್ ಬೇಕು ಅಂದ್ರೂ ಪಿಎಲ್‌ಸಿಗೆ ಪ್ರಶ್ನೆ ಹೋಗೋದು ಒಂದೇ ಸಲ. ಸ್ಕೇಲಿಂಗೂ ಅಲ್ಲೇ ಒಂದೇ ಕಡೆ. ಸಂತೇಲಿ ಐದು ಜನ ಐದು ಅಂಗಡಿ ರೇಟ್ ಕೇಳ್ಕೊಂಡ್ ಬಂದು ಜಗಳ ಆಡೋ ಬದ್ಲು ಒಬ್ನೇ ಹೋಗಿ ಕೇಳ್ಕೊಂಡ್ ಬಂದು ಎಲ್ರಿಗೂ ಹೇಳ್ದಂಗೆ. ಅವ್ನು ತಪ್ಪು ಕೇಳ್ಕೊಂಡ್ ಬಂದ್ರೆ ಎಲ್ರೂ ತಪ್ಪೇ, ಅದು ಬೇರೆ ಮಾತು, ಮುಂದೆ ಹೇಳ್ತೀನಿ.

ನಿಜ ಹೇಳ್ಬೇಕಂದ್ರೆ ಇದು ನಮ್ಮ ಎರಡನೇ ಪ್ರಯತ್ನ. ಮೊದ್ಲು ಒಂದು ಹಳೇ ಒಪಿಸಿ ಡಿಎ ಸರ್ವರ್ ಇತ್ತು, ಯಾವ ಕಂಪ್ನಿದು ಅಂತ ಬೇಡ ಬಿಡ್ರಿ. ಒಪಿಸಿ ಅನ್ನೋದು ಬೇರೆ ಬೇರೆ ಕಂಪ್ನಿ ಮಿಷಿನು ಸಾಫ್ಟ್‌ವೇರು ಮಾತಾಡ್ಕೊಳ್ಳೋ ಒಂದು ಪದ್ಧತಿ, ಅದ್ರ ಹಳೇ ಥರ ಈ ಡಿಎ, 1996ರಲ್ಲಿ ಬಂದಿದ್ದು, ವಿಂಡೋಸಿನ ಡಿಕಾಮ್ (ಒಂದು ಪಿಸಿ ಪ್ರೋಗ್ರಾಮು ಇನ್ನೊಂದು ಪಿಸಿದನ್ನ ಮಾತಾಡ್ಸೋ ವ್ಯವಸ್ಥೆ) ಮೇಲೆ ನಿಂತಿರೋದು. ಒಂದೇ ಪಿಸಿ ಒಳಗೆ ಚಿನ್ನದಂಗೆ ಓಡ್ತೈತೆ, ನೆಟ್‌ವರ್ಕ್ ದಾಟಿ ಇನ್ನೊಂದು ಪಿಸಿಗೆ ಹೋಗ್ಬೇಕಂದ್ರೆ ಮಾತ್ರ ಅದ್ರ ಕಾಟ ಅನುಭವಿಸ್ದೋರಿಗೇ ಗೊತ್ತು. ಐದೂ ಪಿಸಿಲೂ ಅದೇ ಯೂಸರ್ ಅದೇ ಪಾಸ್‌ವರ್ಡ್ ಇರ್ಬೇಕು, ಕಾಂಪೊನೆಂಟ್ ಸರ್ವಿಸಸ್ ಒಳಗೆ ಹೋಗಿ ಹತ್ತು ಟಿಕ್ ಮಾರ್ಕ್ ಹಾಕ್ಬೇಕು, ಫೈರ್‌ವಾಲಲ್ಲಿ 135ನೇ ಪೋರ್ಟ್ ಒಂದೇ ಬಿಟ್ರೆ ಸಾಲಲ್ಲ, ಆಮೇಲೆ ಅದು ತನಗೆ ಇಷ್ಟ ಬಂದ ಪೋರ್ಟ್ ಕೇಳ್ತೈತೆ. ಕೇಬಲ್ ಕಿತ್ರೆ ಲೈನ್ ಸತ್ತೈತೆ ಅಂತ ಅದಕ್ಕೆ ಗೊತ್ತಾಗೋಕೇ ನಿಮಿಷಗಟ್ಲೆ. ಎಲ್ರೂ ಏನ್ ಮಾಡ್ತಾರೆ, ಫೈರ್‌ವಾಲೇ ಆಫ್ ಮಾಡಿ ಎವ್ರಿಒನ್, ಅಂದ್ರೆ ಯಾರು ಬೇಕಾದ್ರೂ ಬರ್ಬೋದು, ಅಂತ ಪರ್ಮಿಷನ್ ಕೊಟ್ಟು ಕೈ ತೊಳ್ಕೋತಾರೆ. ನಾವೂ ಅದನ್ನೇ ಮಾಡಿದ್ವಿ, ಸುಳ್ಳು ಯಾಕ್ ಹೇಳ್ಲಿ.

ಆಮೇಲೆ ಮೈಕ್ರೋಸಾಫ್ಟಿನೋರು ಈ ಡಿಕಾಮ್‌ನ ಬಿಗಿ ಮಾಡೋಕೆ ಶುರು ಮಾಡಿದ್ರು, 2021 ಜೂನಲ್ಲಿ ಮೊದ್ಲ ಅಪ್‌ಡೇಟು, 2022 ಜೂನಲ್ಲಿ ತಾನಾಗೇ ಆನ್ ಆಗೋ ಹಂಗೆ, 2023 ಮಾರ್ಚ್ 14ರಿಂದ ಬೇಡ ಅಂದ್ರೂ ಆಫ್ ಮಾಡೋಕೆ ಬರಲ್ಲ. ಅವ್ರ ತಪ್ಪೇನಿಲ್ಲ, ಸುಮಾರು ಎರಡು ವರ್ಷ ಟೈಮ್ ಕೊಟ್ಟಿದ್ರು. ನಾನು ಏನ್ ಮಾಡ್ದೆ ಅಂದ್ರೆ ಎಲ್ಲಾ ಪಿಸಿಲೂ ಅಪ್‌ಡೇಟ್ ನಿಲ್ಸಿಬಿಟ್ಟೆ. ಬೆಕ್ಕು ಕಣ್ ಮುಚ್ಕೊಂಡು ಹಾಲು ಕುಡ್ದಂಗೆ. ಒಂದಿನ ಆಫೀಸ್ ಪಿಸಿ ಕೆಟ್ಟು ಹೊಸಾದು ತಂದ್ರು, ಅದು ಫುಲ್ ಅಪ್‌ಡೇಟ್ ಆಗೇ ಬಂದಿತ್ತು, ಹಳೇ ಸರ್ವರ್ ಹತ್ರ ಮಾತೇ ಆಡ್ಲಿಲ್ಲ. ಅವತ್ತು ನಾನು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದು ಇನ್ನೂ ನೆನಪೈತೆ.

ಅದಾದ್ಮೇಲೇ ಒಪಿಸಿಯ ಹೊಸ ಥರ, ಒಪಿಸಿ ಯುಎ ಕಡೆ ಬಂದಿದ್ದು. ಇದಕ್ಕೆ ಡಿಕಾಮ್ ಬೇಡ, ಒಂದೇ ಪೋರ್ಟ್, ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಚೀಟಿ) ಇಟ್ಕೊಂಡು ಮಾತಾಡ್ತೈತೆ, ವಿಂಡೋಸೇ ಇರ್ಬೇಕು ಅಂತನೂ ಇಲ್ಲ. ಟೌನಲ್ಲಿ ಪ್ಯಾನಲ್ ಮಾಡೋ ಒಬ್ರು ಕೆಪ್‌ಸರ್ವರ್‌ಇಎಕ್ಸ್ ಹಾಕಿ ನೋಡಿ ಅಂದ್ರು. ದುಡ್ಡು ಕೊಡೋಕೆ ಮೊದ್ಲೇ ಪೂರ್ತಿ ಇನ್‌ಸ್ಟಾಲ್ ಮಾಡ್ಕೊಂಡು ನೋಡ್ಬೋದು, ಲೈಸೆನ್ಸ್ ಇಲ್ದೆ 2 ಗಂಟೆ ಓಡಿ ನಿಲ್ತೈತೆ, ಮತ್ತೆ ಸ್ಟಾರ್ಟ್ ಮಾಡಿದ್ರೆ ಮತ್ತೆ 2 ಗಂಟೆ. ನನಗೆ ಇದು ಬಾಳ ಇಷ್ಟ ಆಯ್ತು. ವ್ಯಾಪಾರಿ ಮಾತು ಕೇಳ್ಕೊಂಡು ತಗೊಳೋದಕ್ಕಿಂತ ನಮ್ಮ ಪಿಎಲ್‌ಸಿ ನಮ್ಮ ಮೀಟ್ರು ಓದ್ತೈತಾ ಇಲ್ವಾ ಅಂತ ನಾವೇ ಕಣ್ಣಾರೆ ನೋಡಿ ಆಮೇಲೆ ಜೇಬಿಗೆ ಕೈ ಹಾಕೋದು.

ಕೂರಿಸಿದ್ದು ದುಗ್ಗಮ್ಮನ ಜಾತ್ರೆ ಹೊತ್ತಿಗೆ. ಎರಡು ವರ್ಷಕ್ಕೊಂದ್ ಸಲ ಬರೋ ಜಾತ್ರೆ, ಹಮಾಲರೂ ಇರಲ್ಲ ಆಪರೇಟರೂ ಇರಲ್ಲ, ಮಿಲ್ಲು ಹೆಂಗೂ ನಿಂತಿರ್ತೈತೆ. ಅದು ಬಿಟ್ರೆ ಭದ್ರಾ ಕಾಲುವೆ ಭತ್ತ ಬರೋಕೆ ಶುರು ಆದ್ಮೇಲೆ ಒಂದು ಗಂಟೆ ನಿಲ್ಸಿ ಅಂದ್ರೂ ಓನರ್ ಮುಖ ನೋಡೋಕಾಗಲ್ಲ.

ಕೆಪ್‌ಸರ್ವರ್ ಒಳಗೆ ಲೆಕ್ಕ ಹೆಂಗೆ ಅಂದ್ರೆ ಮೊದ್ಲು ಚಾನೆಲ್ಲು (ಮಾತಾಡೋ ದಾರಿ), ಅದ್ರ ಕೆಳಗೆ ಡಿವೈಸು (ಪಿಎಲ್‌ಸಿನೋ ಮೀಟ್ರೋ), ಅದ್ರ ಕೆಳಗೆ ಟ್ಯಾಗು (ಟೆಂಪರೇಚರ್ ಥರ ಒಂದೊಂದು ನಂಬರಿನ ಹೆಸ್ರು). ಇಲ್ಲೇ ನೋಡ್ರಿ ಬಹಳ ಜನ ಎಡವೋದು. ಒಂದು ಚಾನೆಲ್ ಒಳಗಿರೋ ಡಿವೈಸ್‌ಗಳು ಸಾಮಾನ್ಯವಾಗಿ ಒಂದಾದ್ಮೇಲೆ ಒಂದು ಸರದಿಲಿ ನಿಲ್ತವೆ, ಬೇರೆ ಬೇರೆ ಚಾನೆಲ್ ಆದ್ರೆ ಜೊತೆಜೊತೆಗೆ ಓಡ್ತವೆ. ನಾನು ಮೊದ್ಲು ಮೂರೂ ಪಿಎಲ್‌ಸಿನ ಒಂದೇ ಚಾನೆಲ್ಲಿಗೆ ತುಂಬಿದ್ದೆ, ನೀಟಾಗಿ ಕಾಣ್ತೈತೆ ಅಂತ. ಸ್ಟೀಮ್ ಪಿಎಲ್‌ಸಿ ಕರೆಂಟ್ ತೆಗ್ದ್ರೆ ಡ್ರೈಯರ್ ಸ್ಕ್ರೀನೂ ಕುಂಟೋದು. ಮೂರಕ್ಕೂ ಮೂರು ಚಾನೆಲ್ ಮಾಡ್ದೆ, ಸರಿಹೋಯ್ತು.

ಮೀಟರ್ ಕಥೆ ಇನ್ನೂ ಮಜಾ. ಆರ್‌ಎಸ್-485 ವೈರಿಗೆ ಒಬ್ನೇ ಯಜಮಾನ, ಇಬ್ರು ಮಾತಾಡೋ ಹಂಗಿಲ್ಲ, ಮಾಡ್‌ಬಸ್ (ಮೀಟ್ರು ಮಾತಾಡೋ ಭಾಷೆ) ರೂಲೇ ಅದು, 1979ರಿಂದ ಹಂಗೇ ನಡ್ಕೊಂಡ್ ಬಂದಿರೋದು. ಸೆಕೆಂಡಿಗೆ 9600 ಬಿಟ್ ಸ್ಪೀಡಲ್ಲಿ ಒಂದು ಅಕ್ಷರ ಹೋಗೋಕೆ ಹೆಚ್ಚು ಕಮ್ಮಿ ಒಂದು ಮಿಲಿಸೆಕೆಂಡು. 10 ರಿಜಿಸ್ಟರ್ (ಮೀಟ್ರೊಳಗೆ ನಂಬರ್ ಇಡೋ ಖಾನೆ) ಓದ್ಬೇಕಂದ್ರೆ ಕೇಳೋದು 8 ಬೈಟು, ಉತ್ರ 25 ಬೈಟು, ಒಟ್ಟು 33, ಅದ್ರ ಮೇಲೆ ಮೀಟ್ರು ಯೋಚ್ನೆ ಮಾಡೋ ಟೈಮು, ಒಂದು ಮೀಟರಿಗೆ 60 70 ಮಿಲಿಸೆಕೆಂಡ್ ಅಂತ ಇಟ್ಕೊಂಡ್ರೂ 12 ಮೀಟರ್ ಒಂದು ರೌಂಡು ಬರೋಕೆ ಹತ್ರ ಹತ್ರ ಒಂದು ಸೆಕೆಂಡು. ಇದು ಎಲ್ಲಾ ಸರಿ ಇದ್ರೆ. ಒಂದು ಮೀಟ್ರು ಸತ್ರೆ ಏನಾಗ್ತೈತೆ? ನಮ್ಮಲ್ಲಿ ಟೈಮ್‌ಔಟ್ (ಉತ್ರಕ್ಕೆ ಕಾಯೋ ಹೊತ್ತು) ಒಂದು ಸೆಕೆಂಡು, ಮೂರು ಸಲ ಟ್ರೈ, ಅಂದ್ರೆ ಪ್ರತಿ ರೌಂಡಿಗೂ ಆ ಸತ್ತ ಮೀಟರ್ ಮುಂದೆ 3 ಸೆಕೆಂಡ್ ನಿಂತು ಅಣ್ಣಾ ಇದಿಯಾ ಅಣ್ಣಾ ಇದಿಯಾ ಅಂತ ಕೇಳಿ ಮುಂದೆ ಹೋಗೋದು, ಉಳಿದ 11 ಜನ ಕಾಯೋದು. ಇದಕ್ಕೆ ಆಟೋ ಡಿಮೋಷನ್ ಅಂತ ಒಂದು ಸೆಟಿಂಗ್ ಐತೆ, ಉತ್ರ ಕೊಡ್ದೇ ಇರೋ ಡಿವೈಸ್‌ನ ಸ್ವಲ್ಪ ಹೊತ್ತು ಸರದಿಯಿಂದ ಆಚೆ ನಿಲ್ಸಿ ಆಮೇಲೆ ಮತ್ತೆ ವಿಚಾರಿಸ್ತೈತೆ. ಇದನ್ನ ಆನ್ ಮಾಡ್ಕೊಳ್ಳಿ. ನನ್ನ ಕೇಳಿದ್ರೆ ಕೊಟ್ಟ ದುಡ್ಡು ವಾಪಸ್ ಬಂದಿದ್ದು ಇದೊಂದ್ರಲ್ಲೇ.

ಕರೆಂಟ್ ಯೂನಿಟ್ ಓದಿದ್ರೆ ಏನೇನೋ ಕೋಟಿ ಕೋಟಿ ನಂಬರ್ ಬರ್ತೈತೆ ಅಂತ ಹೆದರ್ಬೇಡಿ. ಒಂದು ರಿಜಿಸ್ಟರ್ 16 ಬಿಟ್ಟು, ದಶಮಾಂಶ ಇರೋ ನಂಬರಿಗೆ ಎರಡು ರಿಜಿಸ್ಟರ್ ಬೇಕು, ಮೀಟ್ರಿನೋರು ಯಾವ್ದು ಮೊದ್ಲು ಕಳಿಸ್ತಾರೋ ಅದ್ರ ಮೇಲೆ ಸೆಟಿಂಗ್ ಉಲ್ಟಾ ಮಾಡಿದ್ರೆ ಸರಿ ಬರ್ತೈತೆ. ಅಡ್ರೆಸ್ ಒಂದು ಹಿಂದೆ ಮುಂದೆ ಆಗೋದೂ ಮಾಮೂಲು, ಕೆಲವ್ರು ಸೊನ್ನೆಯಿಂದ ಎಣಿಸ್ತಾರೆ ಕೆಲವ್ರು ಒಂದರಿಂದ.

ಈಗ ಯುಎ ಸರ್ಟಿಫಿಕೇಟ್ ವಿಷ್ಯ. ಪ್ರತಿ ಸ್ಕ್ರೀನು ಮೊದ್ಲ ಸಲ ಸರ್ವರ್ ಹತ್ರ ಬಂದಾಗ ಸರ್ವರ್ ಯಾರಪ್ಪ ನೀನು ಅಂತ ಬಾಗ್ಲಲ್ಲೇ ನಿಲ್ಲಿಸ್ತೈತೆ, ನಾವು ಹೋಗಿ ಇವ್ನು ನಮ್ಮವ್ನೇ ಅಂತ ಟ್ರಸ್ಟ್ ಒತ್ಬೇಕು, ಅದೇ ಥರ ಸ್ಕ್ರೀನ್ ಕಡೆಯಿಂದನೂ ಸರ್ವರ್‌ನ ಒಪ್ಕೋಬೇಕು. ಐದು ಸ್ಕ್ರೀನಿಗೆ ಅರ್ಧ ಗಂಟೆ ಕೆಲ್ಸ. ಪ್ಯಾನಲ್ಲಿನೋರು ಸೆಕ್ಯುರಿಟಿ "ನನ್" (None, ಅಂದ್ರೆ ಏನೂ ಬೇಡ) ಅಂತ ಇಟ್ಬಿಡೋಣ ಸುಲಭ ಅಂದ್ರು, ನಾನು ಬೇಡ ಅಂದೆ, ಹಳೇ ಎವ್ರಿಒನ್ ಪಾಪಕ್ಕೆ ಪ್ರಾಯಶ್ಚಿತ್ತ ಅನ್ಕೊಳ್ಳಿ. ಆದ್ರೆ ಇದ್ರಲ್ಲೂ ಒಂದು ದಿನ ಸಿಕ್ಕಾಕ್ಕೊಂಡೆ. ಮೇ ತಿಂಗ್ಳಲ್ಲಿ ಗುಡುಗು ಸಿಡ್ಲು ಮಳೆ, ರಾತ್ರಿ ಎಲ್ಲಾ ಕರೆಂಟ್ ಹೋಗಿತ್ತು, ಬೆಳಿಗ್ಗೆ ಬಂದಾಗ ನಾಲ್ಕು ಸ್ಕ್ರೀನ್ ಬಂತು, ಸ್ಟೀಮ್ ಸ್ಕ್ರೀನ್ ಮಾತ್ರ ಬರ್ಲೇ ಇಲ್ಲ. ಕೇಬಲ್ ಬದ್ಲಾಯಿಸ್ದೆ, ಸ್ವಿಚ್ ಬದ್ಲಾಯಿಸ್ದೆ, ಸಾಫ್ಟ್‌ವೇರ್ ತೆಗ್ದು ಮತ್ತೆ ಹಾಕ್ದೆ, ಮಧ್ಯಾಹ್ನ ಆಯ್ತು. ಕೊನೆಗೆ ಅಲ್ಲಿ ಟೀ ತಂದುಕೊಡೋ ಹುಡ್ಗ "ಅಣ್ಣಾ ಇದ್ರಲ್ಲಿ ಡೇಟ್ ಯಾಕೆ ಹಳೇದು ತೋರಿಸ್ತೈತೆ" ಅಂದ. ಆ ಪಿಸಿ ಮದರ್‌ಬೋರ್ಡಿನ ಬಟನ್ ಸೆಲ್ ಸತ್ತಿತ್ತು, ಡೇಟು ಎಷ್ಟೋ ವರ್ಷ ಹಿಂದಕ್ಕೆ ಹೋಗಿತ್ತು, ಆ ಡೇಟಿನ ಲೆಕ್ಕದಲ್ಲಿ ನಮ್ಮ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇರ್ಲಿಲ್ಲ, ಹಂಗಾಗಿ ಕನೆಕ್ಷನ್ ಕೂಡ್ಲೇ ಇಲ್ಲ. ಸಿಆರ್2032 ಸೆಲ್ಲು, ವಾಚ್ ರಿಪೇರಿ ಅಂಗಡೀಲಿ ಸಿಗ್ತೈತೆ. ಆವತ್ತೇ ಐದೂ ಪಿಸಿಗೆ ಹೊಸ ಸೆಲ್ ಹಾಕಿ, ಎಲ್ಲಾದ್ರ ಗಡಿಯಾರನೂ ಸರ್ವರ್ ನೋಡಿ ಸರಿ ಮಾಡ್ಕೊಳ್ಳೋ ಹಂಗೆ ಮಾಡ್ದೆ. ಹುಡ್ಗನಿಗೆ ಬೆಣ್ಣೆ ದೋಸೆ ಕೊಡಿಸ್ದೆ, ಎರಡು ತಿಂದ.

ಅದೇ ಮಳೆಯಿಂದ ಇನ್ನೊಂದು ಪಾಠ, ಬಾಯ್ಲರ್ ಮನೆಯಿಂದ ಆಫೀಸಿಗೆ 100 ಮೀಟರ್ ದಾಟ್ತೈತೆ, ತಾಮ್ರದ ಕೇಬಲ್ಲಿಗೆ ಅದೇ ಮಿತಿ, ನಾವು ಎಳ್ದು ಎಳ್ದು ಹಾಕಿದ್ವಿ. ಈಗ ಫೈಬರ್ ಹಾಕಿದೀವಿ. ಫೈಬರಿಗೆ ಸಿಡ್ಲು ಕರೆಂಟೂ ಹತ್ತಲ್ಲ. ಸಿಸಿಟಿವಿ ಕ್ಯಾಮ್ರಾ ಎಲ್ಲಾ ಬೇರೆ ಸ್ವಿಚ್ಚಿಗೆ ಕಳ್ಸಿದೀನಿ.

ಈಗ ನನ್ನ ದೊಡ್ಡ ತಪ್ಪು, ಇದನ್ನ ಓದಿ ಬೇರೆಯೋರು ಮಾಡ್ಬಾರ್ದು ಅಂತ ಹೇಳ್ತಿದೀನಿ. ಡ್ರೈಯರ್ ಪಿಎಲ್‌ಸಿಗೆ ಹೋಗೋ ಕೇಬಲ್ಲನ್ನ ಇಲಿ ಕಡಿದಿತ್ತು. ರೈಸ್ ಮಿಲ್ಲಲ್ಲಿ ಇಲಿ ಇರ್ದೆ ಇನ್ನೇನು ನವಿಲಿರ್ತೈತಾ. ಸರ್ವರ್ ತನ್ನ ಕೆಲ್ಸ ಸರಿಯಾಗೇ ಮಾಡ್ತು, ಪ್ರತಿ ಟ್ಯಾಗ್ ಜೊತೆ ಕ್ವಾಲಿಟಿ ಅಂತ ಒಂದು ಕಳಿಸ್ತೈತೆ, ಅದನ್ನ ಬ್ಯಾಡ್ ಅಂತ ಕಳಿಸ್ತು. ಸ್ಕ್ರೀನ್ ಡಿಸೈನ್ ಮಾಡಿದ್ದು ನಾನು, ಕ್ವಾಲಿಟಿ ನೋಡೋದೇ ಬಿಟ್ಟಿದ್ದೆ, ಕೊನೇ ನಂಬರ್ ಹಂಗೇ ನಿಂತಿತ್ತು. ಅರ್ಧ ಗಂಟೆ ಸ್ಕ್ರೀನಲ್ಲಿ 54 ಡಿಗ್ರಿ, ಆಪರೇಟರ್ ಆರಾಮಾಗಿ ಮಂಡಕ್ಕಿ ತಿಂತಾ ಕೂತಿದ್ದ, ಐದೂ ಸ್ಕ್ರೀನಲ್ಲೂ ಅದೇ 54 ಅಂದ್ಮೇಲೆ ಯಾರಿಗೆ ಅನುಮಾನ ಬರ್ತೈತೆ. ಒಳಗೆ ಭತ್ತ ಹೆಚ್ಚಿಗೆ ಒಣಗಿ ಕಾಳು ಬಿರಿದು, ಮಿಲ್ಲಿಂಗಲ್ಲಿ ನುಚ್ಚೋ ನುಚ್ಚು. ಹಳೇ ಪದ್ಧತೀಲಿ ಆಗಿದ್ರೆ ಎರಡು ಸ್ಕ್ರೀನ್ ಜಗಳ ಆಡಿ ನಮ್ಮನ್ನ ಎಬ್ಬಿಸಿರ್ತಿದ್ವೇನೋ. ಒಬ್ನೇ ಕೇಳ್ಕೊಂಡ್ ಬಂದು ಹೇಳೋದ್ರ ಅಪಾಯ ಅಂದ್ನಲ್ಲ, ಇದೇ ಅದು.

ಆಮೇಲೆ ಎರಡು ಕೆಲ್ಸ ಮಾಡ್ದೆ. ಕ್ವಾಲಿಟಿ ಕೆಟ್ರೆ ನಂಬರೇ ಕಾಣಲ್ಲ, ಕಪ್ಪು ಡಬ್ಬಿ ಮೇಲೆ ಗುಣಿಸು ಗುರುತು ಬರ್ತೈತೆ. ಮತ್ತೆ ಮೂರೂ ಪಿಎಲ್‌ಸಿಲಿ ಸೆಕೆಂಡಿಗೊಂದು ಎಣಿಸೋ ಒಂದು ಕೌಂಟರ್, 0ಯಿಂದ 59ಕ್ಕೆ ಹೋಗಿ ಮತ್ತೆ 0. ಅದು 10 ಸೆಕೆಂಡ್ ಅಲುಗಾಡ್ಲಿಲ್ಲ ಅಂದ್ರೆ ಸ್ಕ್ರೀನ್ ಮೇಲೆ ಕೆಂಪು ಪಟ್ಟಿ, ಬಝರ್ರು. ಎದೆ ಬಡಿತ ನೋಡ್ದಂಗೆ. ಯಾರೇ ಡೇಟಾ ಸರ್ವರ್ ಹಾಕ್ಸಿದ್ರೂ ಪ್ಯಾನಲ್ಲಿನೋರಿಗೆ ಇವೆರಡೂ ಮಾಡಿಕೊಟ್ಟು ಆಮೇಲೆ ಬಿಲ್ ಕೊಡಿ ಅನ್ನಿ.

ಸೆಟ್‌ಪಾಯಿಂಟ್ (ಇಷ್ಟು ಡಿಗ್ರಿ ಇರ್ಬೇಕು ಅಂತ ಕೊಡೋ ಗುರಿ) ಬರೆಯೋದ್ರಲ್ಲೂ ಹುಷಾರು. ಸರ್ವರ್ ಶೇರ್ ಅಂದ್ರೆ ಓದೋದು ಮಾತ್ರ ಶೇರ್ ಅಲ್ಲ, ಬರೆಯೋದೂ ಶೇರ್. ಇಬ್ರು ಒಂದೇ ಹೊತ್ತಿಗೆ ಬರೆದ್ರೆ ಕೊನೆಗೆ ಬರೆದೋನು ಗೆದ್ದ. ನಮ್ಮ ಓನರ್ ಒಂದಿನ ಆಫೀಸಲ್ಲಿ ಕೂತು ಡ್ರೈಯರ್ ಟೆಂಪರೇಚರ್ ಇಳಿಸೋದು, ಅಲ್ಲಿ ಆಪರೇಟರ್ ಯಾರೋ ಇಳಿಸ್ತಿದಾರೆ ಅಂತ ಏರಿಸೋದು, ಇಬ್ರೂ ಭೂತ ಹೊಕ್ಕೈತೆ ಅಂತ ನನಗೆ ಫೋನ್ ಮಾಡೋದು. ಆಫೀಸ್ ಯೂಸರಿಗೆ ಓದೋದು ಮಾತ್ರ ಬಿಟ್ಟು ಬರೆಯೋದು ಬಂದ್ ಮಾಡ್ದೆ. ಓನರಿಗೆ ಇನ್ನೂ ಸಿಟ್ಟೈತೆ, ಮಿಲ್ಲು ನಂದು ಬಟನ್ ನಂದಲ್ಲ ಅಂತಾರೆ.

ಸರ್ವರ್ ಪಿಸಿನೇ ಕೈ ಕೊಟ್ರೆ? ಐದೂ ಕುರುಡು, ಅದ್ರಲ್ಲಿ ಎರಡು ಮಾತಿಲ್ಲ. ಅದಕ್ಕೇ ಫ್ಯಾನ್ ಇಲ್ದಿರೋ ಪಿಸಿ ತಗೊಂಡಿದೀವಿ, ಫ್ಯಾನ್ ಇದ್ರೆ ತೌಡಿನ ಧೂಳು ಮೂರು ತಿಂಗ್ಳಲ್ಲಿ ಒಳಗೆ ರೊಟ್ಟಿ ಆಗ್ತೈತೆ. ಪ್ಯಾನಲ್ ರೂಮಲ್ಲಿ ಬೀಗ ಹಾಕಿ ಇಟ್ಟೈತೆ, ಸ್ವಂತ ಯುಪಿಎಸ್ ಐತೆ, ಅದ್ರಲ್ಲಿ ಯಾರೂ ಸಿನಿಮಾ ನೋಡಂಗಿಲ್ಲ ಟ್ಯಾಲಿ ಹಾಕಂಗಿಲ್ಲ. ಕೆಪ್‌ಸರ್ವರ್ ವಿಂಡೋಸ್ ಸರ್ವಿಸ್ ಆಗಿ ಓಡ್ತೈತೆ, ಹಂಗಾಗಿ ರೀಸ್ಟಾರ್ಟ್ ಆದ್ರೆ ಯಾರೂ ಲಾಗಿನ್ ಮಾಡ್ದೇನೂ ತಾನೇ ಎದ್ದೇಳ್ತೈತೆ. ಪ್ರಾಜೆಕ್ಟ್ ಫೈಲ್ ಒಂದು ಪೆನ್‌ಡ್ರೈವಲ್ಲಿ ನನ್ನ ಬೀಗದ ಗೊಂಚಲಿಗೇ ಕಟ್ಕೊಂಡಿದೀನಿ.

ಬಾಯ್ಲರ್ ಸ್ಕ್ರೀನ್ ಮಾತ್ರ ನಾನು ಪೂರ್ತಿ ಸರ್ವರ್ ಮೇಲೆ ಬಿಟ್ಟಿಲ್ಲ. ಅಲ್ಲೊಂದು ಸಣ್ಣ ಎಚ್‌ಎಂಐ (ಆಪರೇಟರ್ ನೋಡೋ ಪುಟ್ಟ ಸ್ಕ್ರೀನು) ಆ ಪಿಎಲ್‌ಸಿಗೆ ನೇರ ಕಟ್ಟೈತೆ, ನೆಟ್‌ವರ್ಕ್ ಎಲ್ಲಾ ಸುಟ್ಟು ಹೋದ್ರೂ ಬಾಯ್ಲರ್ ಉರಿಸೋ ಫೈರ್‌ಮನ್‌ಗೆ ಪ್ರೆಷರ್ರು ನೀರಿನ ಮಟ್ಟ ಕಾಣ್ತೈತೆ. ನೀರು ಕಮ್ಮಿ ಆದ್ರೆ ನಿಲ್ಸೋ ಕಟ್‌ಆಫು, ಸೇಫ್ಟಿ ವಾಲ್ವು ಇವೆಲ್ಲ ವೈರಲ್ಲಿ, ಕಬ್ಬಿಣದಲ್ಲಿ ಇರ್ಬೇಕು, ಸಾಫ್ಟ್‌ವೇರಲ್ಲಿ ಅಲ್ಲ. ಯಾರಾದ್ರೂ ಬಾಯ್ಲರ್ ಟ್ರಿಪ್ಪನ್ನೂ ಸರ್ವರ್ ಮೂಲಕ ಮಾಡಿಕೊಡ್ತೀವಿ ಅಂದ್ರೆ ಟೀ ಕುಡ್ಸಿ ಕಳ್ಸಿಬಿಡಿ.

ದುಡ್ಡಿನ ಮಾತು. ರೇಟು ನಾನು ಹೇಳಲ್ಲ, ಯಾವ ಡ್ರೈವರ್ (ಒಂದೊಂದು ಥರದ ಪಿಎಲ್‌ಸಿ ಮೀಟರ್ ಜೊತೆ ಮಾತಾಡೋ ಸಾಫ್ಟ್‌ವೇರ್ ಭಾಗ) ಬೇಕು ಅನ್ನೋದ್ರ ಮೇಲೆ ಬದ್ಲಾಗ್ತೈತೆ, ಕೊಟೇಷನ್ ತಗೊಳ್ಳಿ, ಅಗ್ಗ ಅಂತೂ ಅಲ್ಲ. ಇದು ವಿಂಡೋಸಲ್ಲೇ ಓಡೋದು, ನನಗೆ ಅದೊಂದು ಬೇಜಾರು. ಇಗ್ನಿಷನ್ ಅಂತ ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಐತೆ, ಅದು ಲಿನಕ್ಸಲ್ಲೂ ಓಡ್ತೈತೆ, ಲೈಸೆನ್ಸು ಸರ್ವರ್ ಲೆಕ್ಕ, ಟ್ಯಾಗು ಎಷ್ಟಾದ್ರೂ ಹಾಕ್ಕೊಬೋದು, ಸ್ಕ್ರೀನೂ ಅದ್ರಲ್ಲೇ ಮಾಡ್ಬೋದು. ಸ್ಕ್ರೀನ್ ಎಲ್ಲಾ ಹೊಸದಾಗಿ ಮಾಡ್ಸೋರು ಅದನ್ನೂ ನೋಡಿ. ನಮ್ಮ ಹತ್ರ ಹಳೇ ಸ್ಕ್ರೀನ್ ಸಾಫ್ಟ್‌ವೇರ್ ಆಗ್ಲೇ ಇತ್ತು, ಮಧ್ಯಕ್ಕೆ ಸರ್ವರ್ ಒಂದೇ ಬೇಕಿತ್ತು, ಅದಕ್ಕೆ ಕೆಪ್‌ಸರ್ವರ್ ಸರಿ ಕೂತ್ಕೊಂತು. ಎರಡೇ ಸ್ಕ್ರೀನು ಒಂದೇ ಪಿಎಲ್‌ಸಿ ಇರೋ ಮಿಲ್ಲಿಗೆ ಇದು ಕೂಸು ಹುಟ್ಟೋಕೆ ಮೊದ್ಲೇ ಕುಲಾವಿ ಹೊಲಿಸ್ದಂಗೆ, ನೇರ ಕಟ್ಕೊಂಡು ಆರಾಮಾಗಿರಿ.

5ಕ್ಕೆ 4 ಕೊಡ್ತೀನಿ. ಆ ಒಂದು ಯಾಕ್ ಕಮ್ಮಿ ಅಂದ್ರೆ ವಿಂಡೋಸ್ ಬೇಜಾರು ಅಂದ್ನಲ್ಲ, ಅದಕ್ಕೆ. ಪಕ್ಕದ ಮಿಲ್ಲಿನೋರು ನೋಡ್ಬೇಕಂದ್ರೆ ಬನ್ನಿ, ಮಧ್ಯಾಹ್ನ ಎರಡರ ಮೇಲೆ ಬನ್ನಿ, ಬೆಳಿಗ್ಗೆ ನಾನು ಡ್ರೈಯರ್ ಮೇಲಿರ್ತೀನಿ. ಬರೋರು ಎನರ್ಜಿ ಮೀಟರಿನ ಮಾಡ್‌ಬಸ್ ಪಟ್ಟಿ ಜೆರಾಕ್ಸ್ ತಗೊಂಡ್ ಬನ್ನಿ, ಆ 2 ಗಂಟೆ ಡೆಮೊದಲ್ಲೇ ನಿಮ್ದು ಓದ್ತೈತಾ ನೋಡೇ ಬಿಡಾಣ.